ಅಮ್ಮಚ್ಚಿ ಬೇಯಿಸಿ ಕೊಟ್ಟ ಮೊಟ್ಟೆಗಳು

ಮೂರು ವಾರದಲ್ಲಿ ನನ್ನ ತೂಕ ನಾಲ್ಕು ಕಿಲೋ ಏರಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಮ್ಮ ಪಿ.ಡಿ. ಸರ್. ಪುತ್ತೂರಿನ ಕಾಲೇಜಿನಲ್ಲಿ ಆಟೋಟ ನೋಡಿಕೊಳ್ಳುವ ದೈಹಿಕ ಶಿಕ್ಷಣದ ಮೇಷ್ಟ್ರನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದೆವು. ಅವರ ಹೆಸರು ಶೀನಪ್ಪ ಗೌಡ, ಸುಳ್ಯದ ಕಡೆಯವರು.

"ನಾನು ಹೇಳಿದ್ದೆ ಅಲ್ವಾ ಎಲ್ಸಿ? ಮೊಟ್ಟೆ ಒಳಗೆ ಹೋದ್ರೆ ಮೈ ತನ್ನಿಂದ ತಾನೇ ಬರ್ತದೆ," ಎಂದರು.

ನಾನು ಗುಂಡು ಎಸೆಯುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಡಬದ ಹತ್ತಿರ ರಬ್ಬರ್ ಹಾಕಿಕೊಂಡಿದ್ದ, ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆಯ ಹಿರಿಯ ಮಗಳು. ಪಿ.ಟಿ. ಟೀಚರ್ ಆಗಬೇಕೆಂಬುದು ನನ್ನ ಆಸೆ. ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ ಒಂದು ಪದಕ ಸಿಕ್ಕಿದರೆ ತರಬೇತಿಯ ಸೀಟು ಸುಲಭ ಎಂದು ಸರ್ ಹೇಳಿದ್ದರು.

ಮೊದಲ ವರ್ಷ ನಾನು ಸತ್ತು ಸುಣ್ಣವಾಗುವಷ್ಟು ಅಭ್ಯಾಸ ಮಾಡಿದ್ದೆ. ಬೆಳಿಗ್ಗೆ ಓಟ, ಸಂಜೆ ಕಬ್ಬಿಣದ ಗುಂಡು. ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ತಿಳಿಸಾರು, ಉಪ್ಪಿನಕಾಯಿ. ವರ್ಷದ ಕೊನೆಗೆ ಗುಂಡು ಮೊದಲು ಬಿದ್ದಲ್ಲಿಯೇ ಬೀಳುತ್ತಿತ್ತು. ಒಂದು ದಿನ ಸರ್ ನನ್ನ ಊಟದ ಬಗ್ಗೆ ವಿಚಾರಿಸಿದರು. "ಅಷ್ಟೇ ತಿಂದು ಇಷ್ಟು ಮಾಡುದಾ? ಹಾಗೆ ಮಾಡಿದ್ರೆ ಮೈ ತನ್ನನ್ನೇ ತಿಂತದೆ," ಎಂದರು. ಮರುದಿನದಿಂದ ಅವರ ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ಕಾಗದದಲ್ಲಿ ಸುತ್ತಿ ಬರತೊಡಗಿದವು. ರಾತ್ರಿ ನೆನೆಹಾಕಿದ ಕಡಲೆ, ಹುರುಳಿ ಬೇಯಿಸಿದ್ದು ಬೇರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ಭುಜಕ್ಕೆ ಉಬ್ಬು ಬಂತು, ರವಿಕೆಯ ತೋಳು ಬಿಗಿಯಾಯಿತು. ಗುಂಡು ಮುಕ್ಕಾಲು ಮೀಟರ್ ಮುಂದೆ ಹೋಗಿ ಬಿತ್ತು. ನಾನು ಮಾಡಿದ ಕಸರತ್ತಿಗೆ ಮೈ ಮೊದಲ ಸಲ ಉತ್ತರ ಕೊಟ್ಟಿತ್ತು. ಆ ಸಂತೋಷ ಎಂಥದ್ದೆಂದು ಈಗಲೂ ವಿವರಿಸಲು ಬಾರದು.

ಆದ್ದರಿಂದಲೇ ತೂಕ ಏರಿದಾಗ ಅದೂ ಮೊಟ್ಟೆಯ ಪ್ರತಾಪವೆಂದು ಇಬ್ಬರೂ ನಂಬಿದೆವು. ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತಿತ್ತು. ನಿದ್ದೆ ಹೆಚ್ಚಾಯಿತು ಅಂದುಕೊಂಡೆ. ಕ್ಯಾನ್ವಾಸ್ ಶೂ ಕಾಲಿಗೆ ಹಿಡಿಸಲಿಲ್ಲ. ಹಳೆಯದಾಗಿ ಕುಗ್ಗಿದೆ ಅಂದುಕೊಂಡೆ. ಆದರೆ ಗುಂಡು ಮಾತ್ರ ದಿನದಿಂದ ದಿನಕ್ಕೆ ಹಿಂದೆ ಹಿಂದೆ ಬೀಳುತ್ತಿತ್ತು. ಕಂಡುಹಿಡಿದವರು ಹಾಸ್ಟೆಲಿನ ಅಡಿಗೆಯ ಕಮಲಕ್ಕ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ನನ್ನ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಬೆರಳು ತೆಗೆದರೂ ಗುಳಿ ಹಾಗೆಯೇ ಉಳಿಯಿತು.

"ಇದೆಂತ ಮಾರಾಯ್ತಿ? ಇದು ಮೈ ಬಂದದ್ದಲ್ಲ, ನೀರು ತುಂಬಿದ್ದು. ಇವತ್ತೇ ಡಾಕ್ಟ್ರಲ್ಲಿಗೆ ಹೋಗು."

ಪುತ್ತೂರಿನ ಡಾಕ್ಟರು ಹೆಚ್ಚು ಮಾತನಾಡುವವರಲ್ಲ. ನನ್ನ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ, ಸ್ಪಿರಿಟ್ ದೀಪದ ಮೇಲೆ ಓರೆಯಾಗಿ ಹಿಡಿದು ಕಾಸಿದರು. ಕ್ಷಣದಲ್ಲಿ ಅದು ಮೇಲಿನಿಂದ ಬಿಳಿಯಾಗುತ್ತ ಬಂತು. ಮೊದಲು ಮಂಜಿನ ಹಾಗೆ, ಆಮೇಲೆ ದಪ್ಪಗೆ, ಕೊನೆಗೆ ಕೊಳವೆ ಬೋರಲು ಹಾಕಿದರೂ ಬೀಳದಂತೆ ಗಟ್ಟಿಯಾಯಿತು. ಬೇಯಿಸಿದ ಮೊಟ್ಟೆಯ ಬಿಳಿಯೇ.

"ಇದು ಮೈಯೊಳಗೆ ಉಳಿಯಬೇಕಾದ್ದು. ನಿನ್ನ ಕಿಡ್ನಿಯಿಂದ ಸೋರಿ ಹೋಗ್ತಾ ಉಂಟು. ಅಮ್ಮನನ್ನು ಕರ್ಕೊಂಡು ಮಂಗಳೂರಿಗೆ ಹೋಗ್ಬೇಕು," ಎಂದರು.

ನಾನು ಆ ಬಿಳಿಯನ್ನೇ ನೋಡುತ್ತಿದ್ದೆ. ಹಿಂದಿನ ಸಂಜೆ ತಿಂದ ಎರಡು ಮೊಟ್ಟೆ ಇಲ್ಲಿಗೆ ಬಂದು ಸೇರಿದವೇ ಎಂಬ ಹುಚ್ಚು ಯೋಚನೆ.

ಮಂಗಳೂರಿನ ದೊಡ್ಡ ಆಸ್ಪತ್ರೆಯ ಕಿಡ್ನಿ ವಿಭಾಗದ ಹೊರಗೆ ಉದ್ದದ ಮರದ ಬೆಂಚು. ಆ ಬೆಂಚಿನಲ್ಲಿ ಎಲ್ಲರ ಕಾಲೂ ಊದಿಕೊಂಡಿತ್ತು. ಅಲ್ಲಿ ಹೆಸರು ಕೇಳುವ ಪದ್ಧತಿ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ದಪ್ಪ ಮೀಸೆಯ ಬ್ಯಾರಿ ಸಾಹೇಬರು ನನ್ನ ಕೈಯ ಚೀಟಿ ನೋಡಿ, "ಎಷ್ಟು ಪ್ಲಸ್?" ಎಂದರು. ಮೂತ್ರದ ಬಿಳಿ ಎಷ್ಟು ದಪ್ಪವೋ ಅಷ್ಟು ಪ್ಲಸ್ ಗುರುತು ಹಾಕುತ್ತಿದ್ದರು.

"ನಾಲ್ಕು," ಎಂದೆ.

"ನಂದೂ ನಾಲ್ಕೇ. ಅದರ ಮೇಲೆ ಇವರಲ್ಲಿ ಕ್ಲಾಸಿಲ್ಲ ಮಗಳೇ, ನಾವಿಬ್ರೂ ಪಾಸು."

ಅವರ ಹೆಸರು ಇದಿನಬ್ಬ, ಕಲ್ಲುಗುಂಡಿಯವರು, ಸಂಪಾಜೆ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದವರು. ಕ್ಲಚ್ ತುಳಿಯಲು ಕಾಲು ಏಳುವುದಿಲ್ಲವೆಂದು ಬಂದಿದ್ದರು. ಅಂದು ನಾನು ನಕ್ಕದ್ದು ಅವರೊಬ್ಬರ ಮಾತಿಗೆ.

ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್ ಎಂದರು. ಹಿರಿಯ ಡಾಕ್ಟರು, ದಯೆಯುಳ್ಳವರು. ಮಾತ್ರೆ ಬರೆದರು, ಉಪ್ಪು ಪೂರ್ತಿ ಬಿಡಬೇಕೆಂದರು. ಆಮೇಲೆ ಅಮ್ಮಚ್ಚಿಯ ಕಡೆ ತಿರುಗಿದರು. ನಮ್ಮಮ್ಮನನ್ನು ನಾವು ಅಮ್ಮಚ್ಚಿ ಎನ್ನುವುದು. ಮನೆಮಾತು ಮಲಯಾಳ, ಅಂಗಡಿ, ಬಸ್ಸಿಗೆ ಬೇಕಾದಷ್ಟು ಕನ್ನಡ ಅವಳಿಗೆ ಬರುತ್ತಿತ್ತು, ಡಾಕ್ಟರ ಮಾತು ನಾನೇ ತಿರುಗಿಸಿ ಹೇಳಬೇಕು.

"ದಿನಕ್ಕೆ ಆರು ಮೊಟ್ಟೆ ಕೊಡಿ. ಮೀನು, ಬೇಳೆ, ಹಾಲು ಎಲ್ಲ ಕೊಡಿ. ಸೋರಿ ಹೋದದ್ದನ್ನು ತುಂಬಿಸ್ಬೇಕಲ್ಲ?"

ತಿರುಗಿಸಿ ಹೇಳಿದೆ. ಅಮ್ಮಚ್ಚಿಯ ಮುಖಕ್ಕೆ ಬೆಳಗಿನಿಂದ ಮೊದಲ ಸಲ ಜೀವ ಬಂತು. ಕಿಡ್ನಿ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ತುಂಬಿಸುವುದು ಗೊತ್ತಿತ್ತು.

ಕಾಲೇಜು ಅಲ್ಲಿಗೆ ನಿಂತಿತು. ಕೂಟ ನಾನಿಲ್ಲದೆ ನಡೆಯಿತು.

ಮನೆಯಲ್ಲಿ ಹನ್ನೊಂದು ಕೋಳಿ ಇದ್ದವು. ಅಮ್ಮಚ್ಚಿ ಅವನ್ನು ಇಪ್ಪತ್ತು ಮಾಡಿದಳು. ಮೊಟ್ಟೆ ಪೇಟೆಗೆ ಹೋಗುವುದು ನಿಂತಿತು, ಮನೆಯವರು ತಿನ್ನುವುದೂ ನಿಂತಿತು. ರಬ್ಬರ್ ಹಾಲು ತೆಗೆಯಲು ಬೆಳಕು ಹರಿಯುವ ಮೊದಲೇ ಹೊರಡುವ ಚಾಚನ್, ನಮ್ಮಪ್ಪ, ಬೇಯಿಸಿದ ಮರಗೆಣಸು ಮತ್ತು ಹಸಿಮೆಣಸಿನ ಚಟ್ನಿ ತಿಂದು ಹೋಗುತ್ತಿದ್ದರು. ತಂಗಿ ಲಿಸ್ಸಿಗೂ ಅದೇ. ನನಗೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು. ಉಪ್ಪಿಲ್ಲದ ಮೊಟ್ಟೆಯ ವಾಸನೆ ಅನುಭವಿಸಿದವರಿಗೇ ಗೊತ್ತು. ಗಂಟಲಿಗೆ ಬಂದು ನಿಲ್ಲುತ್ತಿತ್ತು. ಅಮ್ಮಚ್ಚಿ ಎದುರಿಗೆ ಕೂತು ನುಂಗುವವರೆಗೆ ಏಳುತ್ತಿರಲಿಲ್ಲ.

ಒಂದು ದಿನ ಅವಳು ಒಲೆಯ ಕಡೆ ಹೋದಾಗ ಅರ್ಧ ಮೊಟ್ಟೆಯನ್ನು ಕಿಟಕಿಯಿಂದ ಹೊರಗೆ ಎಸೆದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಲಿಸ್ಸಿ ಅದನ್ನು ಹೆಕ್ಕಿ, ಬಾವಿಕಟ್ಟೆಯಲ್ಲಿ ಮಣ್ಣು ತೊಳೆದು, ಗೋಡೆಗೆ ಮುಖಮಾಡಿ ನಿಂತು ತಿನ್ನುತ್ತಿದ್ದಳು. ಆಗ ಅವಳಿಗೆ ಹನ್ನೆರಡು ವರ್ಷ. ನಾನು ಕಂಡೆನೆಂದು ಇವತ್ತಿಗೂ ಅವಳಿಗೆ ಹೇಳಿಲ್ಲ. ಆಮೇಲೆ ನಾನು ಎಸೆಯಲಿಲ್ಲ. ಅವಳಿಗೆ ಕೊಡಲೂ ಇಲ್ಲ. ಬದುಕಬೇಕೆಂಬ ಆಸೆ ಅಷ್ಟು ಸಣ್ಣತನದ್ದಾಗಿತ್ತು.

ಮಾತ್ರೆಯಿಂದ ಎರಡು ತಿಂಗಳಲ್ಲಿ ಬಾವು ಇಳಿಯಿತು. ಇಳಿದ ಮೇಲೆ ನನ್ನ ಮೈ ನನಗೆ ಕಂಡಿತು. ಮುಖ ಮಾತ್ರ ದುಂಡಗೆ, ಉಳಿದಂತೆ ಏನೂ ಇರಲಿಲ್ಲ. ತೊಡೆಯ ಚರ್ಮ ಮುದುಕಿಯದ್ದರ ಹಾಗೆ ಇಳಿಬಿದ್ದು, ಭುಜದಲ್ಲಿ ಎಲುಬು ಎದ್ದು ನಿಂತಿತ್ತು. ಅದನ್ನೆಲ್ಲ ನೀರು ಇಷ್ಟು ದಿನ ಮುಚ್ಚಿಟ್ಟಿತ್ತು. ನೆಲದಲ್ಲಿ ಕೂತರೆ ಕೈಯೂರದೆ ಏಳಲಾಗುತ್ತಿರಲಿಲ್ಲ. ಬಚ್ಚಲಲ್ಲಿ ಕೂತು ಅತ್ತೆ.

ಆದರೂ ನನಗೊಂದು ಧೈರ್ಯವಿತ್ತು. ಮೈ ಬರುವುದು ಹೇಗೆಂದು ನಾನು ಒಮ್ಮೆ ಕಣ್ಣಾರೆ ಕಂಡವಳು. ಎರಡು ಮೊಟ್ಟೆಗೆ ಅಷ್ಟು ಬಂದಿದ್ದರೆ ಆರಕ್ಕೆ ಎಷ್ಟು ಬರಲಿಕ್ಕಿಲ್ಲ? ಕಸರತ್ತು ಮಾಡಬೇಕು, ಅಷ್ಟೆ. ಮೊದಲು ಚಾಪೆಯಲ್ಲಿ ಮಲಗಿ ಕಾಲು ಎತ್ತಿದೆ. ಆಮೇಲೆ ರಬ್ಬರ್ ಹಾಳೆ ಒಣಹಾಕುವ ಅಂಗಳದಲ್ಲಿ ಬಸ್ಕಿ. ಮೂರನೆಯ ತಿಂಗಳಿಗೆ ಅರ್ಧ ಬಾಲ್ದಿ ನೀರು ಹಿಡಿದು ಗುಡ್ಡ ಹತ್ತಿದೆ. ಒಂದು ನೂಲನ್ನು ತೋಳಿಗೆ ಸುತ್ತಿ ಗಂಟು ಹಾಕಿ ಇಟ್ಟುಕೊಂಡಿದ್ದೆ. ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಅದನ್ನು ತೋಳಿಗೆ ಹಾಕಿ ನೋಡುವುದು. ಪ್ರತಿ ಸಲ ನೂಲು ಇನ್ನಷ್ಟು ಸಡಿಲ.

ದಿನ ಬೆಳಿಗ್ಗೆ ಮೂತ್ರ ಕಾಸಿ ನೋಡಲು ಆಸ್ಪತ್ರೆಯ ಕಾಂಪೌಂಡರ್ ಅಮ್ಮಚ್ಚಿಗೆ ಕಲಿಸಿಕೊಟ್ಟಿದ್ದ. ಅಕ್ಷರ ಬಾರದ ಅವಳು ಆ ಬಿಳಿಯನ್ನು ಓದಲು ಕಲಿತಳು. "ಇವತ್ತು ತಿಳಿ ಉಂಟು," ಎಂದರೆ ಆ ದಿನ ಮನೆಯಲ್ಲಿ ಎಲ್ಲರೂ ಮಾತನಾಡುತ್ತಿದ್ದರು. ಅವಳು ಏನೂ ಹೇಳದೆ ಕೊಳವೆ ತೊಳೆದಿಟ್ಟರೆ ಚಾಚನ್ ಸಹ ಏನೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೊಳವೆ ಹಿಡಿದುಕೊಂಡೇ ಹೇಳಿದಳು. "ನೀನು ಗುಡ್ಡ ಹತ್ತಿದ ಮರುದಿನ ದಪ್ಪ ಬರ್ತದೆ ಮೋಳೇ. ನಾನು ನೋಡ್ತಾ ಇದ್ದೇನೆ. ಹತ್ತಬೇಡ."

"ಹತ್ತದಿದ್ರೆ ಕಾಲು ಬರುದು ಹೇಗೆ?"

"ಕಾಲು ಬರಲಿಕ್ಕೆ ನಾನು ಇನ್ನೊಂದು ಮೊಟ್ಟೆ ಕೊಡ್ತೇನೆ."

ಆರು ಏಳಾಯಿತು. ಮಳೆಗಾಲ ಕಳೆಯುವ ಮೊದಲೇ ಕಾಲು ಮತ್ತೆ ಊದಿತು.

ಆ ಎರಡನೆಯ ಬಾವಿನ ಹೊತ್ತಿಗೆ ಪಿ.ಡಿ. ಸರ್ ಮನೆಗೆ ಬಂದರು. ಕಡಬದಲ್ಲಿ ಬಸ್ಸಿಳಿದು ದಾರಿ ಕೇಳಿಕೊಂಡು ನಡೆದು ಬಂದಿದ್ದರು. ಬೆಂಚಿನ ತುದಿಯಲ್ಲಿ ಕೂತರು. ನನ್ನ ಮುಖ ನೋಡಿ ಗುರುತು ಸಿಗದೆ ಒಂದು ಗಳಿಗೆ ಲಿಸ್ಸಿಯ ಕಡೆ ನೋಡಿದ್ದು ನನಗೆ ತಿಳಿಯಿತು. ಅಮ್ಮಚ್ಚಿ ಕಾಪಿ ತರಲು ಒಳಗೆ ಹೋದಾಗ ತಗ್ಗಿದ ದನಿಯಲ್ಲಿ ಕೇಳಿದರು.

"ಎಲ್ಸಿ, ಸತ್ಯ ಹೇಳು. ನಾನು ತಿನ್ನಿಸಿದ್ದರಿಂದ ಆದ್ದಾ ಇದು? ಡಾಕ್ಟ್ರು ಎಂತಾದ್ರೂ ಹೇಳಿದ್ರಾ?"

ಡಾಕ್ಟರು ಹೇಳಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾರಿಗೆ ಯಾಕೆ ಬರುತ್ತದೆಂದು ಗೊತ್ತಿಲ್ಲ ಎಂದಿದ್ದರು. 'ಅಲ್ಲ ಸರ್' ಎನ್ನಬೇಕಿತ್ತು. ಆದರೆ ಆ ವರ್ಷದ ಕೂಟದಲ್ಲಿ ಗುಂಡು ಎಸೆದು ಗೆದ್ದ ಹುಡುಗಿಯ ಸುದ್ದಿಯನ್ನು ಅವರು ಆಗಷ್ಟೇ ಹೇಳಿದ್ದರು. ನನ್ನೊಳಗೆ ಏನೋ ಕಹಿ. ಯಾರಾದರೂ ಒಬ್ಬರು ಇದಕ್ಕೆ ಕಾರಣವಾಗಿರಲಿ ಎಂಬ ಹಟ. ಏನೂ ಹೇಳದೆ ಗೋಡೆ ನೋಡುತ್ತ ಕೂತೆ. ಅವರು ಕಾಪಿ ಪೂರ್ತಿ ಕುಡಿಯಲಿಲ್ಲ. "ಆಯ್ತು, ದೇವರು ನೋಡ್ಲಿ," ಎಂದು ಎದ್ದರು. ಆಮೇಲೆ ಅವರಿಗೆ ಘಟ್ಟದ ಮೇಲೆ ವರ್ಗವಾಯಿತು. ಯಾವ ಊರೆಂದು ವಿಚಾರಿಸಿ ಒಂದು ಕಾಗದ ಬರೆಯಬಹುದಿತ್ತು. ಈ ವಾರ, ಮುಂದಿನ ವಾರ ಎಂದು ತಳ್ಳಿದೆ. ಎರಡು ವರ್ಷ ಬಿಟ್ಟು ಅವರು ಎದೆನೋವಿನಿಂದ ತೀರಿಕೊಂಡರೆಂದು ಕಮಲಕ್ಕ ಹೇಳಿದರು. ಅವರು ಆ ಸಂಶಯವನ್ನು ಜೊತೆಯಲ್ಲಿ ತೆಗೆದುಕೊಂಡೇ ಹೋದರು. ಈ ಕಾಯಿಲೆ ನನಗೆ ಮಾಡಿದ್ದನ್ನೆಲ್ಲ ಯಾರ ಮುಂದೆಯೂ ಹೇಳಿಕೊಳ್ಳಬಲ್ಲೆ. ನಾನು ಅವರಿಗೆ ಮಾಡಿದ್ದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮಂಗಳೂರಿನ ಬೆಂಚಿಗೆ ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಇದಿನಬ್ಬರು ಇದ್ದರೆ ಜಾಗ ಹಿಡಿದಿಡುತ್ತಿದ್ದರು, ಅಮ್ಮಚ್ಚಿಯ ಜೊತೆ ಮಲಯಾಳದಲ್ಲಿ ಮಾತಾಡುತ್ತಿದ್ದರು. ಅವರೂ ಲಾರಿಯ ಹಲಗೆ ಹಿಡಿದು ದಿನಾ ಕೂತು ಏಳುತ್ತಿದ್ದರಂತೆ, ಕ್ಲಚ್ಚಿನ ಕಾಲು ಗಟ್ಟಿಯಾಗಲಿ ಎಂದು. "ನೀನು ಓದಿದವಳು, ಹೇಳು ಮಗಳೇ. ಇಷ್ಟು ಮೀನು ತಿಂತೇನೆ, ಇಷ್ಟು ಬಸ್ಕಿ ತೆಗೀತೇನೆ. ಎಲ್ಲಿಗೆ ಹೋಗ್ತದೆ ಅದೆಲ್ಲ?" ಎಂದು ಕೇಳಿದ್ದರು. ಮುಂದಿನ ಸಲ ಅವರ ಜಾಗದಲ್ಲಿ ಕಪ್ಪು ಬುರ್ಖಾದ ಹೆಂಗಸೊಬ್ಬರು ಅವರ ಹಳೇ ಫೈಲು ಹಿಡಿದು ಕೂತಿದ್ದರು. ಏನೋ ಸರ್ಟಿಫಿಕೇಟು ಬೇಕಿತ್ತು. ನನ್ನನ್ನು ನೋಡಿ, "ನೀವು ಗುಂಡು ಬಿಸಾಡುವ ಹುಡುಗಿಯಾ? ನಿಮ್ಮ ಸುದ್ದಿ ಹೇಳ್ತಿದ್ರು," ಎಂದರು. ಅಮ್ಮಚ್ಚಿ ಅವರ ಕೈ ಹಿಡಿದುಕೊಂಡು, ನಮ್ಮ ನಂಬರು ಕರೆಯುವವರೆಗೂ ಬಿಡಲಿಲ್ಲ.

ಹೀಗೆ ಆರು ವರ್ಷ. ಊದುವುದು, ಮಾತ್ರೆ ಏರಿಸುವುದು, ಇಳಿಯುವುದು, ಮತ್ತೆ ಊದುವುದು. ಬಾವು ಇಳಿದಾಗಲೆಲ್ಲ ನಾನು ಗುಡ್ಡ ಹತ್ತಲು ಶುರುಮಾಡುತ್ತಿದ್ದೆ, ಅಮ್ಮಚ್ಚಿ ಮೊಟ್ಟೆ ಬೇಯಿಸುತ್ತಿದ್ದಳು. ಡಿಗ್ರಿಯನ್ನು ಮನೆಯಿಂದಲೇ ಓದಿ ಮುಗಿಸಿದೆ. ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಪಿ.ಟಿ. ಪೀರಿಯಡ್ಡಿನ ಹೊತ್ತಿಗೆ ನನ್ನ ಮೇಜಿನ ಪಕ್ಕದ ಕಿಟಕಿ ಹಾಕಿಕೊಳ್ಳುತ್ತಿದ್ದೆ, ಧೂಳು ಬರುತ್ತದೆಂದು ಹೇಳಿ.

ಎಂಬತ್ತರ ದಶಕದ ನಡುವೆ ಹಿರಿಯ ಡಾಕ್ಟರು ನಿವೃತ್ತರಾಗಿ, ಹೊರಗಡೆ ಓದಿ ಬಂದ ಯುವಕರೊಬ್ಬರು ಅದೇ ಕೋಣೆಯಲ್ಲಿ ಕೂತರು. ನನ್ನ ಫೈಲನ್ನು ಮೊದಲ ಹಾಳೆಯಿಂದ ಓದಿದರು. ಹಾಗೆ ಓದಿದವರು ಅವರೊಬ್ಬರೇ.

"ಈಗಲೂ ಏಳು ಮೊಟ್ಟೆ ತಿಂತೀರಾ?"

"ಹೌದು."

"ಯಾರು ಹೇಳಿದ್ದು ಇಷ್ಟು ತಿನ್ಲಿಕ್ಕೆ?"

"ಆರು ಹೇಳಿದ್ದು ಇಲ್ಲಿಯೇ, ಇದೇ ಕೋಣೆಯಲ್ಲಿ. ಒಂದು ಅಮ್ಮ ಸೇರಿಸಿದ್ದು."

ಅವರು ಪೆನ್ನು ಕೆಳಗಿಟ್ಟರು. "ಆಗ ಎಲ್ಲ ಕಡೆ ಹಾಗೆಯೇ ಹೇಳ್ತಿದ್ದದ್ದು. ಅವರ ತಪ್ಪಲ್ಲ. ಈಗ ಗೊತ್ತಾಗ್ತಾ ಇರುದು ಬೇರೆ. ನಿಮ್ಮ ಈ ಕಾಯಿಲೆಯಲ್ಲಿ ಹೆಚ್ಚು ತಿಂದಷ್ಟೂ ಹೆಚ್ಚು ಸೋರ್ತದೆ. ಮೈಗೆ ಹತ್ತುದಿಲ್ಲ. ಕಿಡ್ನಿಗೆ ಭಾರ, ಅಷ್ಟೇ."

"ನಾನು ಕಸರತ್ತು ಮಾಡ್ತಿದ್ದೆ ಡಾಕ್ಟ್ರೇ. ಆರು ವರ್ಷ. ಕಾಲು ಗಟ್ಟಿಯಾಗ್ಲಿ ಅಂತ."

"ನಿಮ್ಮ ಮಾತ್ರೆಯೇ ಸ್ನಾಯುವನ್ನು ಕರಗಿಸ್ತದೆ. ತಿಂದದ್ದರಲ್ಲಿ ಸುಮಾರು ಹೊರಗೆ ಹೋಗ್ತದೆ. ಕಸರತ್ತು ಮಾಡಿದ್ರೆ ಮೈಗೆ ಸ್ನಾಯು ಕಟ್ಲಿಕ್ಕೆ ಎಂತ ಉಳಿತದೆ ಹೇಳಿ?" ಆಮೇಲೆ ಮೆತ್ತಗೆ, "ಸ್ವಲ್ಪ ನಡೀರಿ, ಸಾಕು," ಎಂದರು.

"ಕಿಡ್ನಿ ಈಗ ಹೇಗುಂಟು?"

"ಅರ್ಧಕ್ಕಿಂತ ಕಡಿಮೆ ಕೆಲಸ ಮಾಡ್ತಾ ಉಂಟು."

"ಮೊಟ್ಟೆಯಿಂದಲಾ?"

ಅವರು ಫೈಲಿನ ಹಾಳೆ ಹಿಂದಕ್ಕೆ ತಿರುಗಿಸಿದರು. "ಕಾಯಿಲೆಯಿಂದಲೇ ಇರಬಹುದು. ಅದನ್ನು ಬೇರೆ ಮಾಡಿ ಹೇಳ್ಲಿಕ್ಕೆ ಆಗುದಿಲ್ಲ."

ಇನ್ನು ಮೇಲೆ ಅನ್ನ, ಗೆಣಸು, ತರಕಾರಿ. ಬೇಳೆ ಒಂದು ಸಣ್ಣ ಸೌಟು. ಮೊಟ್ಟೆ ವಾರಕ್ಕೆ ಒಂದೆರಡು. ಹಾಳೆಯಲ್ಲಿ ಬರೆದುಕೊಟ್ಟರು. ಅಮ್ಮಚ್ಚಿ ನನ್ನ ಮುಖ ನೋಡುತ್ತಿದ್ದಳು. ಹೊರಗೆ ಬಂದು ಬೆಂಚಿನ ಹತ್ತಿರ ನಿಂತು, "ಎಂತ ಹೇಳಿದ್ರು?" ಎಂದಳು.

ಬದುಕಿನಲ್ಲಿ ಅವಳಿಗೆ ನಾನು ಸುಳ್ಳು ತಿರುಗಿಸಿದ್ದು ಆ ಒಂದೇ ಸಲ. "ಈಗ ಸುಮಾರು ಗುಣ ಉಂಟಂತೆ ಅಮ್ಮಚ್ಚಿ. ಇನ್ನು ಅಷ್ಟೆಲ್ಲ ತಿನ್ನುದು ಬೇಡವಂತೆ."

ಅವಳು ತಲೆಯಾಡಿಸಿದಳು. ಬಸ್ಸು ಉಪ್ಪಿನಂಗಡಿ ದಾಟಿತು. ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದವಳು ಹಾಗೆಯೇ ಹೇಳಿದಳು. "ಮೊಟ್ಟೆಗೆ ನಾವು ಮಲಯಾಳದಲ್ಲಿ ಮುಟ್ಟ ಅನ್ನುದು, ಅಷ್ಟೇ ಅಲ್ವಾ ವ್ಯತ್ಯಾಸ. ಆ ಡಾಕ್ಟ್ರು ಅದನ್ನು ಎಷ್ಟು ಸಲ ಹೇಳಿದ್ರು ಅಂತ ನಾನು ಲೆಕ್ಕ ಹಾಕ್ತಾ ಇದ್ದೆ. ನನ್ನನ್ನು ನೋಡಿದ್ರು ಸಹ."

"ಅದರಿಂದಲೇ ಅಂತ ಅವರು ಹೇಳ್ಲಿಲ್ಲ."

"ಅಲ್ಲ ಅಂತ ಹೇಳಿದ್ರಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೋ ಏನೋ.

ಈಗ ಆ ಬೆಂಚಿನಲ್ಲಿ ಕೂತಿರುವವರಿಗೆ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಅಂದು ನಮಗೆ ಹೇಳಿದ್ದು ತಪ್ಪಾಗಿತ್ತು, ಹೇಳಿದವರು ಕೆಟ್ಟವರಾಗಿರಲಿಲ್ಲ. ನಾನು ಇನ್ನೂ ಇದ್ದೇನೆ. ಮೂತ್ರದ ಬಿಳಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೇನೆ. ಉಳಿದಷ್ಟು ಕಿಡ್ನಿ ಎಷ್ಟು ವರ್ಷ ಬಂದೀತೆಂದು ಡಾಕ್ಟರು ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಕಳೆದುಹೋದ ಸ್ನಾಯುವಿನ ದುಃಖ ಸಹ ಹಳತಾಗಿದೆ. ಹಳತಾಗದ್ದು ಮನೆಯಲ್ಲಿದೆ.

ಮಂಗಳೂರಿನಿಂದ ಬಂದ ಮರುದಿನದಿಂದ ಅಮ್ಮಚ್ಚಿ ನನಗೆ ಬಡಿಸುವುದನ್ನು ನಿಲ್ಲಿಸಿದಳು. ಅಡಿಗೆ ಮಾಡುತ್ತಾಳೆ, ಪಾತ್ರೆಗಳನ್ನು ನನ್ನ ಮುಂದೆ ತಂದಿಡುತ್ತಾಳೆ, "ನೀನೇ ಹಾಕ್ಕೋ," ಎಂದು ಹಿತ್ತಿಲ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ. ಚಾಚನಿಗೆ ಬಡಿಸುತ್ತಾಳೆ, ರಜೆಯಲ್ಲಿ ಬಂದ ಲಿಸ್ಸಿಗೆ ಬಡಿಸುತ್ತಾಳೆ. ನನ್ನ ಬಟ್ಟಲು ಬಂದಾಗ ಸೌಟು ಕೆಳಗಿಡುತ್ತಾಳೆ. ಹೀಗೆ ಎರಡು ವರ್ಷ ಆಯಿತು.

ಮೊನ್ನೆ ಭಾನುವಾರ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಬಟ್ಟಲನ್ನು ಅವಳ ಕಡೆ ಚಾಚಿ, "ಇವತ್ತು ನೀನು ಹಾಕು ಅಮ್ಮಚ್ಚಿ," ಎಂದೆ.

"ನನಗೆ ಅಳತೆ ಗೊತ್ತಾಗುದಿಲ್ಲ ಮೋಳೇ."

"ಗೊತ್ತಾಗುದು ಬೇಡ. ಹಾಕು."

ಅವಳು ಬಂದಳು. ಅನ್ನ ಹಾಕಿದಳು. ಬೇಳೆಯ ಪಾತ್ರೆಗೆ ಸೌಟು ಅದ್ದಿ ಎತ್ತಿ, ಅರ್ಧವನ್ನು ಪಾತ್ರೆಗೇ ಸುರಿದು, ಉಳಿದದ್ದನ್ನು ಬಟ್ಟಲಿನ ಮೇಲೆ ಹಿಡಿದು ನಿಂತಳು. ಕೊನೆಗೆ ಸೌಟು ಓರೆ ಮಾಡಿದಳು. ಒಂದು ಚಮಚೆಯಷ್ಟು ಬಿತ್ತು.

"ಸಾಕಾ?" ಎಂದು ಕೇಳಿದಳು.

ಡಾಕ್ಟರು ಬರೆದುಕೊಟ್ಟದ್ದರಲ್ಲಿ ಕಾಲು ಭಾಗವೂ ಇರಲಿಲ್ಲ.

"ಸಾಕು," ಎಂದೆ.